ಇಲಿ ವಾರದಲ್ಲಿ ಉಳಿದ ಮೂರು ಮರಿ

ನಾನು ಇಲಿಕೋಣೆಯಲ್ಲಿ ಕೆಲಸಕ್ಕಿದ್ದೇನೆ ಎಂಬುದು ನಮ್ಮ ಓಣಿಗೆಲ್ಲ ಗೊತ್ತಿತ್ತು. ಮುಚ್ಚಿಡಲು ಬರುವಂಥದ್ದಲ್ಲ, ಮೈಯೇ ಹೇಳುತ್ತಿತ್ತು. ಇಲಿ ಉಚ್ಚೆಯ ವಾಸನೆ ಸೀಗೆಕಾಯಿಗೆ ಹೋಗುವುದಿಲ್ಲ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಹೆಂಗಸರು ಮೂಗಿಗೆ ಸೆರಗು ಹಿಡಿದು ಎದ್ದುಹೋಗಿ ನಿಲ್ಲುತ್ತಿದ್ದರು. ನಳದ ಹತ್ತಿರ ನನ್ನನ್ನು ಇಲಿಯವ್ವ ಎಂದೇ ಕರೆಯುತ್ತಿದ್ದರು.

ನಾವು ಹಳೇ ಹುಬ್ಬಳ್ಳಿಯ ನೇಕಾರರು. ನೇಕಾರರ ಮನೆಗೆ ಇಲಿ ಎಂದರೆ ಯಮ. ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ಎಳೆಗಳ ಹಾಸು ಕಡಿದು ಹಾಕಿದರೆ ಮನೆಮಂದಿಯ ದುಡಿಮೆಯೆಲ್ಲ ಹೋಯಿತು. ಅಂಥ ಮನೆಯ ಸೊಸೆ ಇಲಿಗೆ ಕಾಳು ಹಾಕಿ ಸಾಕುತ್ತಾಳೆ, ಸಾಕಿದ್ದನ್ನು ಕೊಯ್ಯಲು ಕೊಡುತ್ತಾಳೆ ಎಂದರೆ ಜನ ನಗದೆ ಬಿಡುತ್ತಾರೆಯೇ? ನನ್ನ ಗಂಡ ಮಗ್ಗದಿಂದ ಏಳದ ಮನುಷ್ಯ, ಏನೂ ಅನ್ನುತ್ತಿರಲಿಲ್ಲ. ಅನ್ನುವುದನ್ನೆಲ್ಲ ನನ್ನ ಅತ್ತೆ ಅನ್ನುತ್ತಿದ್ದಳು.

ಎರಡನೇ ಇಯತ್ತೆ ಮುಗಿಸದೆ ಸಾಲೆ ಬಿಟ್ಟವಳು ನಾನು. ಡಾಕ್ಟರಕಿಯ ದೊಡ್ಡ ಮಾತು ನನಗೆ ತಿಳಿದಷ್ಟೇ ಹೇಳುತ್ತೇನೆ.

ಕೋಣೆ ಇದ್ದದ್ದು ಡಾಕ್ಟರಕಿ ಕಲಿಸುವ ಕಾಲೇಜಿನ ಹಿಂಭಾಗದಲ್ಲಿ. ಕೋಣೆಯ ಒಡತಿ ಒಬ್ಬ ಹೆಣ್ಣು ಡಾಕ್ಟರು, ಧಾರವಾಡದಿಂದ ದಿನಾ ಬಸ್ಸಿಗೆ ಬರುತ್ತಿದ್ದರು. ನಾವು ಅವರಿಗೆ ಬಾಯಾರು ಎನ್ನುತ್ತಿದ್ದೆವು. ಬಾಯಾರು ರೋಗಿಗಳನ್ನು ನೋಡುತ್ತಿರಲಿಲ್ಲ. ಅವರ ಮನಸ್ಸೆಲ್ಲ ಎದೆಯೊಳಗಿನ ಒಂದು ಗ್ರಂಥಿಯ ಮೇಲೆ. ಥೈಮಸ್ ಎಂದು ಅದರ ಹೆಸರು. ಹೃದಯದ ಮೇಲೆ ಕೂತಿರುತ್ತದೆ, ಮನುಷ್ಯರಿಗೂ ಇದೆ, ಇಲಿಗೂ ಇದೆ. ಈಗಷ್ಟೆ ಹುಟ್ಟಿದ ಇಲಿಮರಿಯಲ್ಲಿ ಎರಡು ಬಿಳಿ ಎಳ್ಳು ಜೋಡಿಸಿಟ್ಟಂತೆ ಕಾಣುತ್ತದೆ. ರಕ್ತದ ಬಿಳಿ ಕಣಗಳು ಎಳೆಯವಾಗಿ ಅಲ್ಲಿಗೆ ಬಂದು, ಬಲಿತು, ರೋಗದ ಜೊತೆ ಹೊಡೆದಾಡುವುದನ್ನು ಕಲಿತು ಹೊರಗೆ ಹೋಗುತ್ತವೆ. ಹುಟ್ಟಿದ ಕೂಡಲೇ ಆ ಗ್ರಂಥಿ ತೆಗೆದರೆ ಮರಿ ಕೆಲವು ವಾರ ಚೆನ್ನಾಗಿಯೇ ಬೆಳೆಯುತ್ತದೆ, ಆಮೇಲೆ ಒಣಗಿ ಸಾಯುತ್ತದೆ. ಇದು ಹೊರದೇಶದವರು ಆಗಲೇ ಕಂಡುಕೊಂಡಿದ್ದ ಮಾತು. ಬಾಯಾರಿಗೆ ಬೇಕಾಗಿದ್ದದ್ದು ಮುಂದಿನದು.

ಒಂದು ದಿನ ಪಂಜರ ತೊಳೆಯುವಾಗ ಕೇಳಿದೆ, ‘‘ಬಾಯಾರ, ತಗದ ಗ್ರಂಥಿ ಮತ್ತ ಹಚ್ಚಾಕ ಬರೂದಿಲ್ಲೇನ್ರಿ?’’

‘‘ಬರ್ತದ. ಬ್ಯಾರೆ ಮರೀದು ತಗದು ಮೂತ್ರಪಿಂಡದ ಪೊರಿ ಕೆಳಗ ಇಟ್ರ ಹಿಡೀತದ. ಆದ್ರ ಮೊದಲ ಅದರ ನಡುಭಾಗ ಸಾಯ್ತದ. ಆಮ್ಯಾಲ ರಕ್ತನಾಳ ಒಳಗ ಹೊಕ್ಕಾವ. ಹೊಕ್ಕ ಮ್ಯಾಲ ಮತ್ತ ತುಂಬಿ ಬರ್ತದ.’’

‘‘ರಕ್ತ ಸಿಕ್ತು, ತುಂಬ್ತು. ಅದರಾಗೇನೈತ್ರಿ?’’

‘‘ಎಲ್ಲಾರೂ ಹಂಗ ಅಂತಾರ. ನಾಳ ಅಂದ್ರ ಬರೇ ಕೊಳವಿ ಅಂತ. ನನಗ್ಯಾಕೋ ನಾಳದ ಗೋಡ್ಯಾಗಿನ ಕಣಗೋಳ ಗ್ರಂಥಿಗೆ ಏನರ ಹೇಳ್ತಾವ ಅನಸ್ತದ. ಯಾವ ಬಿಳಿ ಕಣ ಒಳಗ ಬರಬೇಕು, ಎಲ್ಲಿ ಕೂಡಬೇಕು ಅಂತ.’’

‘‘ಗೋಡಿ ಮಾತಾಡ್ತಾವೇನ್ರಿ?’’

‘‘ನೋಡೂಣು,’’ ಎಂದು ಬಾಯಾರು ನಕ್ಕರು.

ನೋಡುವುದು ಸುಲಭವಿರಲಿಲ್ಲ. ಇಲಿಗಳು ಮುಂಬಯಿಯಿಂದ ರೈಲಿನಲ್ಲಿ ಬಂದಿದ್ದವು, ಬೆಳ್ಳಗೆ, ಕೆಂಪು ಕಣ್ಣು, ಎಲ್ಲ ಒಂದೇ ವಂಶದವು. ಬೇಸಿಗೆಯ ಸೆಕೆಗೆ ಅರ್ಧ ಸತ್ತವು. ಪಂಜರದ ಕಾಲಿಗೆ ನೀರಿನ ಬಟ್ಟಲು ಇಡದ ಒಂದು ದಿನ ಇರುವೆ ಹತ್ತಿ ಒಂದು ಬಾಣಂತಿಯನ್ನೂ ಅದರ ಮರಿಗಳನ್ನೂ ಮುಗಿಸಿದವು. ಬದುಕಿದ್ದು ಈದರೆ ಕೊಯ್ಯುವ ಕೆಲಸ. ಮರಿಯನ್ನು ಮಂಜುಗಡ್ಡೆಯ ಮೇಲೆ ಅರಿವೆ ಹಾಸಿ ಮಲಗಿಸಬೇಕು. ಗುಲಾಬಿ ಬಣ್ಣ ಹೋಗಿ ಬೂದಿ ಬಣ್ಣವಾದಾಗ ಅದಕ್ಕೆ ನೋವು ತಿಳಿಯುವುದಿಲ್ಲ. ಆಗ ಅದನ್ನು ಬೂಚಿನ ಹಲಗೆಯ ಮೇಲೆ ಅಂಗಾತ ಹಿಡಿಯುವುದು ನನ್ನ ಕೆಲಸ. ಬಾಯಾರು ಕಣ್ಣಿನ ಆಪರೇಷನ್ನಿನ ಸಣ್ಣ ಕತ್ತರಿಯಿಂದ ಎದೆಯ ಮೇಲ್ತುದಿ ಬಿಡಿಸುತ್ತಿದ್ದರು. ಎಳ್ಳು ಹಿಡಿಸುವಷ್ಟೇ ತೂತಿನ ಗಾಜಿನ ನಳಿಗೆ ಒಳಗಿಟ್ಟು, ಅದರ ರಬ್ಬರ್ ಕೊಳವೆಯನ್ನು ಬಾಯಿಂದ ಹೀರಿದರೆ ಎಳ್ಳು ಮೇಲೆ ಬರುತ್ತಿತ್ತು. ಸ್ವಲ್ಪ ಹೆಚ್ಚು ಹೀರಿದರೆ ಮರಿ ಹೋಯಿತು. ಹೊಲಿಗೆ ಹಾಕಲು ರೇಷ್ಮೆ ಎಳೆ, ಮೇಲೆ ಅಂಟು ಔಷಧ. ದೀಪದ ಕೆಳಗಿಟ್ಟು ಮತ್ತೆ ಗುಲಾಬಿಯಾದ ಮೇಲೆ ತಾಯಿಯ ಪಂಜರದಲ್ಲಿ ಹಾಸಿದ ಗರಗಸದ ಪುಡಿಯಲ್ಲಿ, ಅದರ ವಾಸನೆ ಹತ್ತುವಂತೆ, ಹೊರಳಾಡಿಸಿ ಒಳಗೆ ಬಿಡಬೇಕು.

ಇಷ್ಟೆಲ್ಲ ಆದ ಮೇಲೆ ತಾಯಿ ತಿನ್ನುತ್ತಿತ್ತು. ಮನುಷ್ಯರ ವಾಸನೆ, ರಕ್ತದ ವಾಸನೆ, ಔಷಧದ ವಾಸನೆ, ಯಾವುದೋ ಒಂದು ಮೂಗಿಗೆ ಬಡಿದರೆ ಸಾಕು. ಬೆಳಿಗ್ಗೆ ನಾನು ಹೋಗಿ ನೋಡಿದರೆ ಪಂಜರದಲ್ಲಿ ಹೊಟ್ಟೆ ತುಂಬಿದ ತಾಯಿಯೊಂದೇ.

ದೊಡ್ಡ ಸಾಹೇಬರಿಗೆ, ಎಂದರೆ ಬಾಯಾರ ಮೇಲಿನವರಿಗೆ, ಬೇಸರ ಬಂದಿತ್ತು. ನಮ್ಮ ಎದುರಿಗೇ ಹೇಳಿದರು, ‘‘ದೀಪಾವಳಿತನಕ ನೋಡ್ತೇನಿ. ಅಷ್ಟರಾಗ ಹಚ್ಚಿದ ಗ್ರಂಥಿ ಒಂದರ ಜೀವಂತ ತೋರಸ್ರಿ. ಇಲ್ಲಾಂದ್ರ ಈ ಖೋಲಿ ನಮಗ ಸಾಮಾನ ಇಡಾಕ ಬೇಕು.’’

ಕೋಣೆ ಹೋದರೆ ಬಾಯಾರ ಕೆಲಸ ಹೋಗುತ್ತಿತ್ತು. ನಾನು ಅತ್ತೆಯ ಎದುರು ಕೂತು ಕಂಡಿಕೆಗೆ ನೂಲು ಸುತ್ತಬೇಕಾಗುತ್ತಿತ್ತು. ನನಗೆ ಎರಡನೆಯದರ ಚಿಂತೆಯೇ ಹೆಚ್ಚಿತ್ತು, ಸುಳ್ಳು ಯಾಕೆ ಹೇಳಲಿ.

ಗಣೇಶ ಚೌತಿಯ ದಿನ ಬೆಳಿಗ್ಗೆ ಒಂದು ಇಲಿ ಎಂಟು ಮರಿ ಹಾಕಿತು. ಹಬ್ಬ ಬಿಟ್ಟು ಬಾಯಾರು ಬಂದರು, ನಾನೂ ಹೋದೆ. ಮಂಜುಗಡ್ಡೆ ಸಿಗಲಿಕ್ಕೆ ಸ್ಟೇಷನ್ನಿನ ತನಕ ಓಡಾಡಿದೆ. ಅವತ್ತು ಬಾಯಾರ ಕೈಗೆ ದೇವರು ಬಂದು ಕೂತಿತ್ತು. ಎಂಟಕ್ಕೆ ಎಂಟೂ ಬದುಕಿದವು. ಸಂಜೆಯ ಹೊತ್ತಿಗೆ ತಾಯಿ ಎಂಟನ್ನೂ ಹೊಟ್ಟೆಯ ಕೆಳಗೆ ಎಳೆದುಕೊಂಡು ಹಾಲು ಕೊಡುತ್ತಿತ್ತು. ಮರಿಗಳ ಹೊಟ್ಟೆಯಲ್ಲಿ ಹಾಲು ಬೆಳ್ಳಗೆ ಹೊರಗಿನಿಂದಲೇ ಕಾಣುತ್ತಿತ್ತು.

‘‘ನಾಳೆ ಒಂದ ದಿನ ದಾಟಿದ್ರ ಗೆದ್ದಂಗ,’’ ಎಂದರು ಬಾಯಾರು.

ನಾಳೆ ಎಂದರೆ ಇಲಿ ವಾರ. ಚೌತಿಯ ಮರುದಿನ ನಮ್ಮ ನೇಕಾರರ ಮನೆಗಳಲ್ಲಿ ಇಲಿಗೆ ಪೂಜೆ. ಮಗ್ಗ ನಿಲ್ಲುತ್ತದೆ, ಕತ್ತರಿ ಮುಟ್ಟುವುದಿಲ್ಲ, ಎಳೆ ಹರಿಯುವುದಿಲ್ಲ. ಮಣ್ಣಿನ ಇಲಿಯನ್ನು ಮಗ್ಗದ ಮೇಲಿಟ್ಟು, ಕಡುಬು ತೋರಿಸಿ, ವರ್ಷವೆಲ್ಲ ನಮ್ಮ ಹಾಸು ಕಡಿಯಬೇಡಪ್ಪಾ ಎಂದು ಕೈಮುಗಿಯುತ್ತೇವೆ. ಅವತ್ತು ಅತ್ತೆಯ ಬಾಯಲ್ಲಿ ಇಲಿ ಎಂಬ ಶಬ್ದವೂ ಬರುತ್ತಿರಲಿಲ್ಲ. ಗಣಪ್ಪನ ಕುದರಿ ಎನ್ನುತ್ತಿದ್ದಳು.

ಬೆಳಿಗ್ಗೆ ನೀರಿಗೆ ಹೋದಾಗಲೇ ಶುರುವಾಯಿತು. ‘‘ಏ ಇಲಿಯವ್ವಾ, ಇವತ್ತ ನಿನ್ನ ಹಬ್ಬ ಅಲ್ಲೇನ ಬೇ? ನಿನಗ ಆರತಿ ಮಾಡೂಣೇನ?’’ ಎಂದು ಒಬ್ಬಳು. ‘‘ಬಾಲಾ ಎಲ್ಲೈತಿ, ಸೆರಗಿನ್ಯಾಗ ಮುಚ್ಚಿಟ್ಟಿಯೇನ?’’ ಎಂದು ಇನ್ನೊಬ್ಬಳು. ಕೊಡ ಅರ್ಧ ತುಂಬುವಷ್ಟರಲ್ಲೇ ಎತ್ತಿಕೊಂಡು ಬಂದೆ. ಅತ್ತೆ ಬಾಗಿಲಲ್ಲಿ ನಿಂತು ಎಲ್ಲ ಕೇಳಿದ್ದಳು. ಉಪ್ಪಿನಬೆಟಗೇರಿಯ ಮಗಳು, ಯಾರ ಮಾತನ್ನೂ ಇಟ್ಟುಕೊಳ್ಳುವವಳಲ್ಲ. ಆದರೆ ಅವತ್ತು ಅವರನ್ನು ಬಿಟ್ಟು ನನ್ನ ಕಡೆ ತಿರುಗಿದಳು.

‘‘ನಾನೂ ಬರ್ತೇನಿ,’’ ಎಂದಳು.

‘‘ಎಲ್ಲಿಗೆ ಅತ್ತಿ?’’

‘‘ನಿನ್ನ ಕುದರಿ ಲಾಯಕ್ಕ. ಮನ್ಯಾಗ ಮಣ್ಣಿಂದಕ್ಕ ಕೈಮುಗದು, ಅಲ್ಲಿ ಜೀವ ಇದ್ದದ್ದನ್ನ ಕೊಯ್ಯಾಕ ಸೊಸೀನ್ನ ಕಳಸಿದ್ರ ಯಾ ದೇವ್ರು ಮೆಚ್ಚತಾನ? ಹೋಗಿ ಪೂಜಿ ಮಾಡಿ ತಪ್ಪಾತಂತ ಬೇಡ್ಕೊಂಡು ಬರ್ತೇನಿ.’’

ಬೇಡವೆಂದರೆ ನನ್ನನ್ನೂ ಬಿಡುತ್ತಿರಲಿಲ್ಲ. ಕರೆದುಕೊಂಡು ಹೋದೆ. ಕಡುಬಿನ ಡಬ್ಬಿ, ಅರಿಷಿಣ ಕುಂಕುಮದ ಬಟ್ಟಲು ಅವಳ ಸೆರಗಿನಲ್ಲಿ. ಇಲಿಕೋಣೆಯ ಮೆಟ್ಟಿಲ ಮೇಲೆ ಕೂಡಿಸಿ ಹೇಳಿದೆ, ‘‘ಇಲ್ಲೇ ಕುಂತು ಪೂಜಿ ಮಾಡ್ರಿ. ಒಳಗ ಯಾವದನ್ನೂ ಮುಟ್ಟಬ್ಯಾಡ್ರಿ.’’ ಅವಳು ತಲೆ ಅಲ್ಲಾಡಿಸಿದಳು. ನಾನು ಆ ಕಡೆಯ ಶೆಡ್ಡಿಗೆ ಗರಗಸದ ಪುಡಿ ತರಲು ಹೋದೆ. ಚೀಲ ತುಂಬಿ ಬಂದಾಗ ಮೆಟ್ಟಿಲ ಮೇಲೆ ಬರೀ ಚಪ್ಪಲಿ ಇದ್ದವು.

ಅತ್ತೆ ಒಳಗೆ ನಿಂತಿದ್ದಳು. ಬೆರಳೆಲ್ಲ ಕೆಂಪು, ಹಳದಿ. ಮುಖದಲ್ಲಿ ತೊಟ್ಟಿಲು ತೂಗಿ ಬಂದವಳ ಸಂತೋಷ.

‘‘ಎಷ್ಟ ಚೆಂದ ಅದಾವ ಬೇ! ಹಣಿಗೆ ಕುಂಕುಮ ಇಟ್ಟೆ. ಎದಿ ಮ್ಯಾಲೆ ಕೊಯ್ದೀರಲ್ಲಾ ನೀವು, ಪಾಪಗೇಡಿಗೋಳ್ರ್ಯಾ, ಗಾಯ ಮಾಯಲಿ ಅಂತ ಅರಿಷಿಣ ತುಂಬೇನಿ.’’

ನಾನು ಪಂಜರಕ್ಕೆ ಬಗ್ಗಿದೆ. ತಾಯಿ ಆಗಲೇ ಶುರುಮಾಡಿತ್ತು. ಇಲಿ ತನ್ನ ಮರಿ ತಿನ್ನುವಾಗ ಸದ್ದು ಮಾಡುವುದಿಲ್ಲ. ಕಡಲೆ ತಿನ್ನುವಂತೆ ಎರಡು ಕೈಯಲ್ಲಿ ಹಿಡಿದು ತಲೆಯಿಂದ ತಿನ್ನುತ್ತದೆ. ನಾನು ಕೈ ಹಾಕಿ ಕಸಿದುಕೊಂಡಷ್ಟು ಉಳಿದವು, ಮೂರು. ಕೈ ಕಚ್ಚಿಸಿಕೊಂಡೆ. ಅತ್ತೆ ಹಿಂದಿನಿಂದ ನೋಡುತ್ತಿದ್ದವಳು ಕುಂಕುಮದ ಬಟ್ಟಲು ಕೆಳಗೆ ಬಿಟ್ಟಳು.

‘‘ಏನ ಮಾಡಾಕತ್ತೈತಿ ಅದು? ಏ, ಅದರ ಮಕ್ಕಳಲ್ಲೇನ ಅವು?’’

ಕಾಲೇಜಿನ ಸಿಪಾಯಿ ಬಂದು ಬಾಗಿಲಲ್ಲಿ ನಿಂತು ನಗತೊಡಗಿದ. ಅವನೇ ಓಡಿಹೋಗಿ ಸಾಹೇಬರಿಗೆ ಹೇಳಿದ. ಬಾಯಾರೂ ಸಾಹೇಬರೂ ಒಟ್ಟಿಗೇ ಬಂದರು. ನೆಲದ ಮೇಲೆ ಕುಂಕುಮ, ಮೂಲೆಯಲ್ಲಿ ಕಡುಬು, ನನ್ನ ಬೊಗಸೆಯಲ್ಲಿ ಹಳದಿ ಮೆತ್ತಿದ ಮೂರು ಮರಿ.

‘‘ಇದೇನು ಕಾಲೇಜೋ ಗುಡಿಯೋ?’’ ಎಂದರು ಸಾಹೇಬರು. ‘‘ಅಡಾಣಿ ಮಂದೀನ್ನ ತಂದು ಇಟಗೊಂಡ್ರ ಹಿಂಗ ಆಗೂದು.’’

ಅಡಾಣಿ ಎಂದರೆ ಓದುಬರಹ ಬಾರದ ದಡ್ಡರು. ಆ ಮಾತು ನಮ್ಮಿಬ್ಬರಿಗೂ ಸೇರಿಸಿ ಬಂತು. ನನಗೆ ಅತ್ತೆಯ ಕಡೆ ನೋಡಲಿಕ್ಕೂ ಆಗಲಿಲ್ಲ, ಬಾಯಾರ ಕಡೆ ನೋಡಲಿಕ್ಕೂ ಆಗಲಿಲ್ಲ. ಬಾಯಾರ ಎದುರಿಗೆ ಅತ್ತೆಯ ಬಗ್ಗೆ ನಾಚಿಕೆ, ಅತ್ತೆಯ ಎದುರಿಗೆ ಬಾಯಾರ ಬಗ್ಗೆ. ಎರಡು ಕಡೆಯೂ ನನ್ನವರೇ ಆಗಿದ್ದರು.

ಬಾಯಾರು ಸಾಹೇಬರಿಗೆ ಅಂದರು, ‘‘ಖೋಲಿ ನಂದದ ಸರ್. ಜವಾಬ್ದಾರೀನೂ ನಂದ.’’

ಸಾಹೇಬರು ಹೋದ ಮೇಲೆ ಅತ್ತೆ ಸಣ್ಣ ದನಿಯಲ್ಲಿ ಹೇಳಿದಳು, ‘‘ನಾ ಹಚ್ಚಿದ್ದು ಛಲೋ ಆಗಲಿ ಅಂತ, ಯವ್ವಾ.’’

‘‘ಹೌದಜ್ಜಿ. ಮನಷ್ಯಾರಿಗೆ ಛಲೋದ ಅದು,’’ ಎಂದರು ಬಾಯಾರು. ದನಿ ಏರಿಸಲಿಲ್ಲ. ಏರಿಸಿದ್ದರೆ ನನಗೆ ಹಗುರಾಗುತ್ತಿತ್ತು.

ಮೂರು ಮರಿಗಳನ್ನು ಬಿಸಿನೀರಿನ ಹತ್ತಿಯಿಂದ ಒರೆಸಿದೆವು. ಅರಿಷಿಣ ಪೂರ್ತಿ ಹೋಗಲಿಲ್ಲ. ಹಳೆಯ ತಾಯಿಗೆ ಮತ್ತೆ ಕೊಡುವಂತಿರಲಿಲ್ಲ. ಮೂಲೆಯ ಪಂಜರದಲ್ಲಿ ಇನ್ನೊಂದು ಬಾಣಂತಿ ಇತ್ತು, ಒಂಬತ್ತು ಮರಿಗಳ ತಾಯಿ, ಸಾಧು.

ಬಾಯಾರು ಆ ಪಂಜರಕ್ಕೆ ಬಗ್ಗಿ ಮರಿ ಎಣಿಸಿದರು. ‘‘ಇದರ ಹತ್ರ ಹಾಕಬಹುದು. ಆದ್ರ ಒಂಬತ್ತು ಗಟ್ಟಿ ಮರಿ ನಡುವ ಈ ಮೂರಕ್ಕ ಮೊಲಿ ಸಿಗೂದಿಲ್ಲ. ಎರಡು ಬಿಟ್ಟು ಉಳದದ್ದು ತಗೀಬೇಕಾಗ್ತದ.’’ ಆಮೇಲೆ ನನ್ನ ಕಡೆ ತಿರುಗಿದರು. ‘‘ಇವತ್ತ ನಿಮ್ಮ ಹಬ್ಬ ಅಂತ ಗೊತ್ತಾತು. ನೀ ಹೊರಗ ಹೋಗು. ನಾ ತಗೀತೇನಿ.’’

ಹೋಗಬಹುದಿತ್ತು. ಆದರೆ ಆ ತಾಯಿಗೆ ಗೊತ್ತಿದ್ದದ್ದು ನನ್ನ ಕೈ. ಹೊಸ ಕೈ ಒಳಗೆ ಹೋದರೆ ಅದೂ ತಿರುಗಿ ಬೀಳಬಹುದು, ಆಗ ಮೂರೂ ಹೋದವು, ಕೋಣೆಯೂ ಹೋಯಿತು. ‘‘ಬ್ಯಾಡ್ರಿ, ನಾನ ತಗೀತೇನಿ,’’ ಎಂದೆ.

ಒಂದೊಂದಾಗಿ ಏಳು ಮರಿ ತೆಗೆದೆ. ಈಥರ್ ಹತ್ತಿ ಹಾಕಿದ ಬರಣಿಗೆ ಹಾಕಿ ಮುಚ್ಚಳ ತಿರುವಿದೆ. ಅತ್ತೆ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಆಮೇಲೆ ಆ ಪಂಜರದ ಪುಡಿಯಲ್ಲಿ ಮೂರನ್ನೂ ಹೊರಳಾಡಿಸಿದೆವು. ಬಾಯಾರು ನೀಲಗಿರಿ ಎಣ್ಣೆಯ ಹತ್ತಿಯನ್ನು ತಾಯಿಯ ಮೂಗಿಗೆ ಸೋಕಿಸಿದರು, ಬೇರೆ ವಾಸನೆ ತಿಳಿಯದಿರಲಿ ಎಂದು. ಬಿಟ್ಟೆವು. ತಾಯಿ ಮೂಸಿತು, ಮುಖ ಒರೆಸಿಕೊಂಡಿತು, ಮತ್ತೆ ಮೂಸಿತು. ಕಡೆಗೆ ಕತ್ತು ಹಿಡಿದು ಒಂದನ್ನು ಎತ್ತಿತು. ನಾನು ಕಣ್ಣು ಮುಚ್ಚಿದೆ. ಗೂಡಿನಲ್ಲಿ ಇಟ್ಟುಕೊಂಡಿತು ಎಂದು ಬಾಯಾರು ಹೇಳಿದ ಮೇಲೆ ತೆಗೆದೆ.

ಮನೆಗೆ ಬರುವಾಗ ಬಸ್ಸಿನಲ್ಲಿ ಅತ್ತೆ ನನ್ನ ಪಕ್ಕವೇ ಕೂತಳು. ಇಳಿಯುವ ಮುಂಚೆ ಒಂದೇ ಮಾತು ಅಂದಳು.

‘‘ನನ್ನ ಕೈಯಾಗ ಐದು ಹೋದವು. ನಿನ್ನ ಕೈಯಾಗ ಏಳು.’’

ಓಣಿಯಲ್ಲಿ ಯಾರಿಗೂ ಹೇಳಲಿಲ್ಲ ಅವಳು. ಆದರೆ ಅವತ್ತಿನಿಂದ ದಿನಾ ಸಂಜೆ ನಾನು ಹೊಸ್ತಿಲು ದಾಟುವ ಮುಂಚೆಯೇ ಕೇಳುತ್ತಿದ್ದಳು, ‘‘ಅವು ಮೂರು?’’ ‘‘ಅದಾವ ಅತ್ತಿ,’’ ಎನ್ನುತ್ತಿದ್ದೆ. ಅಷ್ಟೇ ಮಾತು.

ಮರಿಗಳಿಗೆ ಕೂದಲು ಬಂದು ಕಣ್ಣು ಬಿಟ್ಟ ಮೇಲೆ ಎರಡನೇ ಕೊಯ್ತ. ಆ ಹೊತ್ತಿಗೆ ಬೇರೊಂದು ಇಲಿ ಈದಿತ್ತು, ಅದರ ಮರಿಗಳಿಂದ ಗ್ರಂಥಿ ತೆಗೆದುಕೊಂಡರು. ಮೂರು ಇಲಿಗೆ ಮೂರು ಬಗೆ. ಒಂದಕ್ಕೆ ಏನೂ ಹಚ್ಚಲಿಲ್ಲ, ಹೋಲಿಸಿ ನೋಡಲು. ಇನ್ನೊಂದಕ್ಕೆ ಗ್ರಂಥಿಯನ್ನು ಸಣ್ಣ ಡಬ್ಬಿಯಲ್ಲಿಟ್ಟು ಹೊಟ್ಟೆಯೊಳಗೆ ಇಟ್ಟರು. ಹೊರದೇಶದಿಂದ ತರಿಸಿದ ಆ ಡಬ್ಬಿಯ ಎರಡೂ ಬದಿ ಸೋಸುವ ಪೊರೆ. ಅದರಲ್ಲಿ ನೀರು ಹೋಗುತ್ತದೆ, ರಸ ಹೋಗುತ್ತದೆ, ರಕ್ತನಾಳ ಮಾತ್ರ ಒಳಗೆ ಹೋಗಲು ಬರುವುದಿಲ್ಲ. ಮೂರನೆಯದಕ್ಕೆ ಬೆನ್ನಿನ ಪಕ್ಕ ಕೊಯ್ದು, ಮೂತ್ರಪಿಂಡದ ಮೇಲಿನ ತೆಳ್ಳನೆಯ ಪೊರೆಯನ್ನು ಎತ್ತಿ, ಕೆಳಗೆ ಗ್ರಂಥಿಯನ್ನು ಜಾರಿಸಿ ಬಿಟ್ಟರು. ಉಳ್ಳಾಗಡ್ಡಿಯ ಒಳಸಿಪ್ಪೆಯ ಕೆಳಗೆ ಅಕ್ಕಿಕಾಳು ಸೇರಿಸಿದ ಹಾಗೆ. ಅಲ್ಲಿ ನಾಳಗಳಿಗೆ ಅಡ್ಡಿಯಿಲ್ಲ.

ನನ್ನ ಕೆಲಸ ಅವನ್ನು ಸಾಯದಂತೆ ನೋಡಿಕೊಳ್ಳುವುದು. ನೆನೆಸಿದ ಕಡಲೆ, ಗೋದಿ, ಹಾಲು. ಕುಡಿಯುವ ನೀರು ಕುದಿಸಿ ಆರಿಸಿದ್ದು. ಪುಡಿಯನ್ನು ಬಿಸಿಲಲ್ಲಿ ಒಣಗಿಸಿ ಹಾಕುತ್ತಿದ್ದೆ. ಏನೂ ಹಚ್ಚದ ಇಲಿ ಮೊದಲು ಕುಂದಿತು. ಬೆನ್ನು ಬಾಗಿತು, ಕೂದಲು ಸೆಟೆದು ನಿಂತವು, ಭೇದಿ ಹತ್ತಿತು. ಬಾಲದ ತುದಿಯಿಂದ ರಕ್ತ ತೆಗೆದು ಗಾಜಿನ ಮೇಲೆ ಸವರಿ ನೋಡಿದ ಬಾಯಾರು ಬಿಳಿ ಸಣ್ಣ ಕಣಗಳು ಹುಡುಕಿದರೂ ಸಿಗುತ್ತಿಲ್ಲ ಎಂದರು. ಒಂದು ಬೆಳಿಗ್ಗೆ ಅದು ಸತ್ತಿತ್ತು.

‘‘ಅವು ಮೂರು?’’ ಎಂದಳು ಅತ್ತೆ ಸಂಜೆ.

‘‘ಎರಡು,’’ ಎಂದೆ.

ಡಬ್ಬಿಯದು ಬದುಕಿತ್ತು, ಆದರೆ ಚುರುಕಿರಲಿಲ್ಲ. ಮೂತ್ರಪಿಂಡದ್ದು ಮಾತ್ರ ಗುಂಡಗೆ ಬೆಳೆಯಿತು. ನಾನು ಮುಚ್ಚಳ ತೆಗೆದರೆ ಜಾಲರಿ ಹತ್ತಿ ಬಂದು ನನ್ನ ಬೆರಳು ಮೂಸುತ್ತಿತ್ತು. ಅದರ ಹಣೆಯಲ್ಲಿ ಕುಂಕುಮ ಇದ್ದದ್ದು ನನಗೆ ನೆನಪಾಗುತ್ತಿತ್ತು. ಮನೆಯಲ್ಲಿ ಅತ್ತೆಗೆ ಹೇಳಿದೆ, ಒಂದು ಬಹಳ ಚೆನ್ನಾಗಿದೆ ಎಂದು. ‘‘ನಾ ಹಚ್ಚಿದ ಅರಿಷಿಣದ್ದ ಅದು,’’ ಎಂದು ನಕ್ಕಳು. ಹಬ್ಬದ ಮೇಲೆ ಅವಳು ನಕ್ಕಿದ್ದು ಅದೇ ಮೊದಲು. ನಾನು ಯಾಕೆ ಹೇಳಿದೆನೋ ಏನೋ. ಮುಂದೆ ಏನಾಗಬೇಕು ಎಂಬುದು ನನಗೆ ಗೊತ್ತಿತ್ತು, ಅವಳಿಗೆ ಗೊತ್ತಿರಲಿಲ್ಲ.

ದೀಪಾವಳಿ ಹತ್ತಿರ ಬಂತು. ಸಾಹೇಬರಿಗೆ ತೋರಿಸಬೇಕು. ತೋರಿಸಬೇಕೆಂದರೆ ಕೊಯ್ಯಬೇಕು. ಎರಡನ್ನೂ ನಾನೇ ತಂದುಕೊಟ್ಟೆ. ಕರೆದರೆ ಬರುವುದನ್ನು ಹಿಡಿಯಲು ಏನು ಕಷ್ಟ? ಈಥರಿನಲ್ಲಿ ಮಲಗಿಸಿದ ಮೇಲೆ ಬಾಯಾರು ಹೃದಯಕ್ಕೆ ಸೂಜಿ ಇಟ್ಟು, ಸೋಸಿದ ಕರಿ ಮಸಿಯನ್ನು ಮೆಲ್ಲಗೆ ಒಳಗೆ ಬಿಟ್ಟರು, ನಾಳಗಳೆಲ್ಲ ತುಂಬಿ ಕಾಣಲಿ ಎಂದು. ಸೂಜಿಯ ಬುಡವನ್ನು ನಾನು ಹಿಡಿದಿದ್ದೆ. ಮಸಿ ಸೋರಿ ನನ್ನ ಬೆರಳಿಗೆಲ್ಲ ಇಳಿಯಿತು. ಬಿಡುವಂತಿರಲಿಲ್ಲ.

ಡಬ್ಬಿ ಬಿಚ್ಚಿದಾಗ ಒಳಗೆ ಗ್ರಂಥಿಯ ಬರೀ ಹಂದರ ಉಳಿದಿತ್ತು. ಮೂತ್ರಪಿಂಡದ ಮೇಲೆ ಗುಲಾಬಿ ಬಣ್ಣದ ಉಬ್ಬು, ಅಲಸಂದೆ ಕಾಳಿನಷ್ಟು. ಬಾಯಾರು ನನಗೂ ಮಸೂರದಲ್ಲಿ ತೋರಿಸಿದರು. ಗುಲಾಬಿಯೊಳಗೆ ಕರಿ ಎಳೆಗಳು ಹಾದುಹೋಗಿದ್ದವು, ನಮ್ಮ ಮಗ್ಗದ ಹಾಸಿನ ಎಳೆಗಿಂತ ಸಣ್ಣವು, ಒಂದೂ ಹರಿದಿರಲಿಲ್ಲ. ಆಮೇಲೆ ತೆಳ್ಳಗೆ ಕೊಯ್ದು ಬಣ್ಣ ಹಾಕಿ ದೊಡ್ಡ ಯಂತ್ರದ ಕೆಳಗಿಟ್ಟಾಗ ಆ ಎಳೆಗಳ ದಂಡೆಗುಂಟ ಬಿಳಿ ಕಣಗಳು ಒತ್ತೊತ್ತಾಗಿ ನೆರೆದಿದ್ದವಂತೆ.

ಸಾಹೇಬರು ಕಣ್ಣಿಟ್ಟು ನೋಡಿದರು. ‘‘ಬರೇ ಒಂದು ಇಲಿ,’’ ಎಂದರು.

‘‘ಹೌದ್ರಿ. ಒಂದರಿಂದ ಏನೂ ಸಿದ್ಧ ಆಗೂದಿಲ್ಲ. ನಾಳ ಏನ ಹೇಳ್ತದ ಅನ್ನೂದು ಇದರಾಗ ಗೊತ್ತಾಗೂದಿಲ್ಲ. ನಾಳ ಬರದಿದ್ರ ಗ್ರಂಥಿ ತುಂಬೂದಿಲ್ಲ, ಅಷ್ಟ ಕಾಣ್ತದ. ನೀವು ಕೇಳಿದ್ದು ಒಂದ,’’ ಎಂದರು ಬಾಯಾರು.

ಸಾಹೇಬರು ಮತ್ತೊಮ್ಮೆ ನೋಡಿ, ಮುಂದಿನ ವರ್ಷದ ತನಕ ಕೋಣೆ ಇರಲಿ ಎಂದು ಹೋದರು. ಬಾಯಾರು ಕುರ್ಚಿಯಲ್ಲಿ ಕೂತು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ನಾನು ಎರಡು ಪಂಜರ ತೊಳೆದು ಬೋರಲು ಹಾಕಿದೆ.

ಸಂಜೆ ಅತ್ತೆ ಹೊಸ್ತಿಲಲ್ಲೇ ಕೂತಿದ್ದಳು. ‘‘ಅರಿಷಿಣದ್ದು ಹ್ಯಾಂಗೈತಿ?’’

‘‘ಹಚ್ಚಿದ್ದು ಹಿಡದಿತ್ತು ಅತ್ತಿ. ಸಾಹೇಬ್ರು ಖೋಲಿ ಬಿಟ್ಟಕೊಟ್ರು.’’

‘‘ಹಿಡದಿತ್ತು ಅಂತ ಹ್ಯಾಂಗ ಗೊತ್ತಾತು?’’

ನಾನು ಚಪ್ಪಲಿ ಬಿಡಲು ಬಗ್ಗಿದೆ. ಅವಳು ನನ್ನ ಕೈ ನೋಡಿದಳು. ಬೆರಳೆಲ್ಲ ಕಪ್ಪು. ಎದ್ದು ಚೊಂಬಿನಲ್ಲಿ ನೀರು ತಂದು ನನ್ನ ಕೈಮೇಲೆ ಹಾಕಿದಳು. ಬೂದಿ ಹಾಕಿ ತಿಕ್ಕಿದೆ. ಚರ್ಮದ್ದು ಹೋಯಿತು, ಉಗುರಿನ ಸಂದಿಯದ್ದು ಹೋಗಲಿಲ್ಲ.

ದೀಪಾವಳಿಯ ಪಾಡ್ಯದ ದಿನ ಓಣಿಯ ಹೆಂಗಸರು ನಮ್ಮ ಮನೆಗೂ ಬಂದರು. ಆರತಿ ತಟ್ಟೆ ಹಿಡಿಯುವುದು ಸೊಸೆಯ ಪಾಲು. ನನ್ನ ಉಗುರು ದೀಪದ ಬೆಳಕಿನಲ್ಲಿ ಇನ್ನೂ ಕಪ್ಪು ಕಾಣುತ್ತಿದ್ದವು. ನಳದ ಹತ್ತಿರದ ಅದೇ ಹೆಂಗಸು ಹಿಂದಕ್ಕೆ ಸರಿದಳು. ‘‘ಇಲಿಯವ್ವನ ಕೈಗೆ ಏನಾಗೇತಿ?’’

ಅತ್ತೆ ನನ್ನ ಹಿಂದೆ ನಿಂತಿದ್ದಳು. ‘‘ಮಸಿ ಐತಿ,’’ ಎಂದಳು. ‘‘ಆಕೀದು ಕಾಣತೈತಿ, ನನ್ನ ಕೈಯಾಗಿಂದು ಕಾಣೂದಿಲ್ಲ. ಆರತಿ ತಗೋರಿ.’’

ಅವರು ತೆಗೆದುಕೊಂಡರು. ನಾನು ತಲೆ ಎತ್ತಲಿಲ್ಲ.